ಹಿಮ್ಮುಖವಾಗಿ ಓದುವ ಪ್ರಾರ್ಥನೆ: ಉಕ್ರೇನಿನ ಬರೋಕ್ ಭಕ್ತಿಕಾವ್ಯದ ಟಿಪ್ಪಣಿ

ಬರೋಕ್ ಎಂಬ ಅಲಂಕಾರಪ್ರಿಯ ಶೈಲಿಯ ಕಾಲವಾದ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಉಕ್ರೇನಿನ ಭಕ್ತಿಕವಿಗಳಲ್ಲಿ ಹೆಚ್ಚಿನವರು ಪಾದ್ರಿಗಳು ಇಲ್ಲವೇ ಸನ್ಯಾಸಿಗಳು. 1632ರಲ್ಲಿ ರೂಪುಗೊಂಡ ಕೀವ್‌ನ ಮೊಹಿಲಾ ವಿದ್ಯಾಲಯದಲ್ಲಿ ಕಾವ್ಯಶಾಸ್ತ್ರವನ್ನು ಲ್ಯಾಟಿನ್ ಭಾಷೆಯಲ್ಲಿ ಕಲಿಸುತ್ತಿದ್ದರು. ಪದ್ಯ ಕಟ್ಟುವುದು ಅಲ್ಲಿ ಪಾಠದ ಭಾಗವೇ ಆಗಿತ್ತು. ಪಶ್ಚಿಮದ ಈ ವಿದ್ಯೆಯೂ ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಆರಾಧನೆಯ ಭಾಷೆಯೂ ಒಂದೇ ಪದ್ಯದಲ್ಲಿ ಕೂಡಿಕೊಳ್ಳುವುದರಿಂದ, ಮೊದಲ ಓದಿಗೆ ಈ ಕಾವ್ಯ ಬರೀ ಅಕ್ಷರಚಮತ್ಕಾರವಾಗಿ ಕಾಣುತ್ತದೆ. ಆ ಚಮತ್ಕಾರ ಪ್ರಾರ್ಥನೆಗೆ ತೊಡಿಸಿದ ಅಲಂಕಾರವಲ್ಲ, ಅನೇಕ ಕಡೆ ಅದೇ ಪ್ರಾರ್ಥನೆಯ ಅರ್ಥವನ್ನು ಹೊತ್ತಿದೆ ಎಂಬುದನ್ನು ತೋರಿಸುವುದಕ್ಕಾಗಿ ಈ ಟಿಪ್ಪಣಿ.

ಮೊದಲು ಸಂಕೇತಗಳ ವಿಚಾರ. ಮೋಶೆ ಕಂಡ ಸುಟ್ಟುಹೋಗದ ಪೊದೆ, ಯಾಕೋಬನ ಏಣಿ, ಯೆಹೆಜ್ಕೇಲನ ಮುಚ್ಚಿದ ಬಾಗಿಲು, ಇವೆಲ್ಲ ಬೈಬಲಿನ ಹಳೆಯ ಒಡಂಬಡಿಕೆಯ ಚಿತ್ರಗಳಾದರೂ ಈ ಕವಿಗಳ ಕೈಯಲ್ಲಿ ಯೇಸುವಿನ ತಾಯಿಯಾದ ದೇವಮಾತೆ ಮರಿಯಳ ಹೆಸರುಗಳಾಗುತ್ತವೆ. ಇವನ್ನು ಉಪಮೆಗಳೆಂದು ಓದಿದರೆ ದಾರಿ ತಪ್ಪುತ್ತದೆ. ಹಿಂದೆ ನಿಜವಾಗಿ ನಡೆದ ಒಂದು ಘಟನೆ ಮುಂದೆ ನಡೆಯಲಿರುವುದರ ನೆರಳಾಗಿತ್ತು ಎಂಬ ನಂಬಿಕೆ ಇದರ ತಳದಲ್ಲಿದೆ. 1662ರಲ್ಲಿ ಚೆರ್ನಿಹಿವ್‌ನ ಇಲ್ಯಿನ್ಸ್ಕಿ ಮಠದ ಮರಿಯಳ ಪ್ರತಿಮಾಚಿತ್ರ ಕಣ್ಣೀರು ಸುರಿಸಿತೆಂದು ಜನ ನಂಬಿದರು. ಆ ಚಿತ್ರದ ಪವಾಡಗಳನ್ನು ಕುರಿತು ಸನ್ಯಾಸಿ ದ್ಮಿತ್ರೊ ತುಪ್ತಾಲೊ ಬರೆದ ಗದ್ಯಕೃತಿಯ ಹೆಸರು ‘ಇಬ್ಬನಿಯಲ್ಲಿ ನೆನೆದ ತುಪ್ಪಟ’. ನ್ಯಾಯಸ್ಥಾಪಕರು ಗ್ರಂಥದ ಆರನೆಯ ಅಧ್ಯಾಯದಲ್ಲಿ ಗಿದ್ಯೋನನು ಕಣದಲ್ಲಿಟ್ಟ ಕುರಿಯ ತುಪ್ಪಟದ ಮೇಲೆ ಮಾತ್ರ ಇಬ್ಬನಿ ಬಿದ್ದು ಸುತ್ತಲಿನ ನೆಲ ಒಣಗಿಯೇ ಇರುತ್ತದೆ. ತುಪ್ಪಟವೆಂದರೆ ಮರಿಯ, ಇಬ್ಬನಿಯೆಂದರೆ ದೈವಕೃಪೆ, ಈಗ ಚೆರ್ನಿಹಿವ್‌ನಲ್ಲಿ ಹರಿದ ಕಣ್ಣೀರೂ ಅದೇ ಇಬ್ಬನಿ. ಹೀಗೆ ಪುರಾತನ ಇಸ್ರಾಯೇಲಿನ ಕಣವೂ ಚೆರ್ನಿಹಿವ್‌ನ ಮಠವೂ ಒಂದೇ ಸಂಕೇತದೊಳಗೆ ಬಂದು ನಿಲ್ಲುತ್ತವೆ.

ಇನ್ನು ಇವಾನ್ ವೆಲಿಚ್ಕೋವ್ಸ್ಕಿಯ ಪದ್ಯಗಳು. ನಾನು ಬಹಳ ಹೊತ್ತು ನಿಂತದ್ದು ಇಲ್ಲಿಯೇ. ಪೊಲ್ತಾವಾದ ಪಾದ್ರಿಯಾಗಿದ್ದ ಈತ 1690 ಮತ್ತು 1691ರಲ್ಲಿ ಎರಡು ಚಿಕ್ಕ ಸಂಕಲನಗಳನ್ನು ಸಿದ್ಧಪಡಿಸಿದ. ಎರಡನೆಯದರ ಹೆಸರು ‘ಕುರುಬನಿಗೆ ಸಲ್ಲಬೇಕಾದ ಕುರಿಯ ಹಾಲು’. ಬೇರೆ ಜನಾಂಗಗಳಲ್ಲಿ ಇಂಥ ಕುಶಲ ಪದ್ಯಗಳಿರುವಾಗ ತನ್ನ ನಾಡಿನಲ್ಲೂ ಇರಬೇಕೆಂಬ ಆಸೆಯಿಂದ ಬರೆದೆನೆಂದು ಮುನ್ನುಡಿಯಲ್ಲಿ ಆತನೇ ಹೇಳಿಕೊಳ್ಳುತ್ತಾನೆ. ಇವುಗಳಲ್ಲಿ ‘ಏಡಿ’ ಎಂಬ ಹೆಸರಿನ ಪದ್ಯಗಳಿವೆ, ಏಕೆಂದರೆ ಅವು ಹಿಂದಕ್ಕೂ ನಡೆಯುತ್ತವೆ. ಅಕ್ಷರದ ಏಡಿಗೆ ಉದಾಹರಣೆ: ‘ಅನ್ನಾ ಪಿತಾ ಮ್ಯಾ ಯಾ ಮಾತಿ ಪನ್ನಾ’. ಅನ್ನಾ ನನ್ನನ್ನು ಪೋಷಿಸುತ್ತಾಳೆ, ನಾನು ತಾಯಿ, ಕನ್ಯೆ ಎಂದು ಮರಿಯಳೇ ಇಲ್ಲಿ ತನ್ನ ತಾಯಿ ಅನ್ನಾಳನ್ನು ಕುರಿತು ನುಡಿಯುತ್ತಾಳೆ. ಕನ್ನಡ ಲಿಪಿಯಲ್ಲಿ ಇದನ್ನು ತಿರುಗಿಸಿ ಓದಲು ಹೋಗಬೇಡಿ. ಸಿರಿಲಿಕ್ ಲಿಪಿಯಲ್ಲಿ ‘ಯಾ’ ಒಂದೇ ಅಕ್ಷರ, ‘ಮಾ’ ಎರಡು ಅಕ್ಷರ. ಹಾಗೆ ಬಿಡಿಸಿ ಬರೆದುಕೊಂಡರೆ ಇಪ್ಪತ್ತು ಅಕ್ಷರಗಳು ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುತ್ತವೆ.

ಪದದ ಏಡಿ ಇದಕ್ಕಿಂತ ಆಳವಾದದ್ದು. ದೇವಮಾತೆ ಹೇಳುತ್ತಾಳೆ: ‘ಸೊ ಮ್ನೊಯು ಝಿಜ್ನ್, ನೆ ಸ್ತ್ರಾಖ್ ಸ್ಮೆರ್ತಿ; ಮ್ನೊಯು ಝಿತಿ, ನೆ ಉಮೆರ್ತಿ.’ ಪದಶಃ ಅರ್ಥ ಹೀಗೆ: ನನ್ನೊಂದಿಗೆ ಜೀವ, ಭಯವಲ್ಲ ಸಾವಿನದು, ನನ್ನಿಂದ ಬಾಳುವುದು, ಸಾಯುವುದಲ್ಲ. ‘ಸೊ ಮ್ನೊಯು’ವನ್ನು ಒಂದೇ ಪದವಾಗಿ ಹಿಡಿದು, ಅವೇ ಪದಗಳನ್ನು ಪ್ರತಿ ಸಾಲಿನ ಕೊನೆಯಿಂದ ಓದಿದರೆ ಮಾತಾಡುವವಳು ದೇವರ ಆಜ್ಞೆ ಮೀರಿದ, ಬೈಬಲಿನ ಮೊದಲ ಹೆಂಗಸು ಹವ್ವ: ‘ಸ್ಮೆರ್ತಿ ಸ್ತ್ರಾಖ್, ನೆ ಝಿಜ್ನ್ ಸೊ ಮ್ನೊಯು, ಉಮೆರ್ತಿ, ನೆ ಝಿತಿ ಮ್ನೊಯು.’ ಸಾವಿನ ಭಯ, ಜೀವವಲ್ಲ ನನ್ನೊಂದಿಗೆ. ಸಾಯುವುದು, ಬಾಳುವುದಲ್ಲ ನನ್ನಿಂದ.

ಒಂದು ಪದವೂ ಬದಲಾಗದೆ ಅರ್ಥ ಪೂರ್ತಿ ತಲೆಕೆಳಗಾಗುವುದು ಹೇಗೆ? ಗುಟ್ಟು ನಡುವಿನ ‘ನೆ’ ಎಂಬ ನಿಷೇಧದಲ್ಲಿದೆ. ಕನ್ನಡದಲ್ಲಿ ‘ಅಲ್ಲ’ ತಾನು ಅಲ್ಲಗಳೆಯುವ ಪದದ ನಂತರ ಬರುತ್ತದೆ. ಸ್ಲಾವಿಕ್ ಭಾಷೆಗಳಲ್ಲಿ ಅದು ಪದಕ್ಕಿಂತ ಮೊದಲೇ ಬರುತ್ತದೆ. ಎಡದಿಂದ ಓದುವಾಗ ‘ನೆ’ಯ ನಂತರ ಸಿಗುವುದು ಭಯ, ಆದ್ದರಿಂದ ಭಯ ಅಳಿಯುತ್ತದೆ. ಬಲದಿಂದ ಓದುವಾಗ ಅದೇ ‘ನೆ’ಯ ನಂತರ ಸಿಗುವುದು ಜೀವ, ಆದ್ದರಿಂದ ಜೀವ ಅಳಿಯುತ್ತದೆ. ಎರಡನೆಯ ಸಾಲಿನಲ್ಲಿ ಸಾಯುವುದು ಮತ್ತು ಬಾಳುವುದು ಹೀಗೆಯೇ ಸ್ಥಳ ಬದಲಿಸಿಕೊಳ್ಳುತ್ತವೆ. ‘ಸ್ಮೆರ್ತಿ’ ಎಂಬಲ್ಲಿ ಷಷ್ಠೀ ವಿಭಕ್ತಿ ಇರುವುದರಿಂದ ಅದು ‘ಭಯ’ದ ಹಿಂದಿರಲಿ ಮುಂದಿರಲಿ, ‘ಸಾವಿನ’ ಎಂಬ ಅರ್ಥ ಅಲುಗುವುದಿಲ್ಲ. ಸಂಸ್ಕೃತದ ವಿಲೋಮಕಾವ್ಯವನ್ನು ಬಲ್ಲವರಿಗೆ ಇದು ಕೂಡಲೇ ನೆನಪಾದೀತು, ಆದರೆ ಅಲ್ಲಿ ಅಕ್ಷರಗಳು ಮರುಜೋಡಣೆಗೊಂಡು ಬೇರೆಯೇ ಪದಗಳು ಹುಟ್ಟುತ್ತವೆ. ಇಲ್ಲಿ ಪದಗಳು ಅವೇ ಇದ್ದು ಅವುಗಳ ನಡುವಿನ ಸಂಬಂಧ ಮಾತ್ರ ತಿರುಗುತ್ತದೆ.

ಈ ತಿರುಗುವಿಕೆಯೇ ಕವಿಯ ದೇವತಾಶಾಸ್ತ್ರ. ಹವ್ವಳ ಅವಿಧೇಯತೆ ಹಾಕಿದ ಗಂಟನ್ನು ಮರಿಯಳ ವಿಧೇಯತೆ ಬಿಚ್ಚಿತೆಂದು ಎರಡನೆಯ ಶತಮಾನದಲ್ಲೇ ಕ್ರೈಸ್ತ ಬಿಷಪ್ ಐರೆನೇಯಸ್ ಬರೆದಿದ್ದ, ಮತ್ತು ಗಂಟನ್ನು ಬಿಚ್ಚುವುದೆಂದರೆ ಕಟ್ಟಿದ ಕ್ರಮವನ್ನು ಹಿಂದುಮುಂದಾಗಿಸುವುದೇ. ಲ್ಯಾಟಿನ್ ಕಲಿತವರಿಗೆ ‘ಏವಾ’ ತಿರುಗಿ ‘ಆವೆ’ ಆಗುವುದು, ಅಂದರೆ ಹವ್ವಳ ಹೆಸರು ದೇವದೂತನು ಮರಿಯಳಿಗೆ ಮಾಡಿದ ವಂದನೆಯಾಗುವುದು, ಪರಿಚಿತ ವಿಷಯವಾಗಿತ್ತು. ವೆಲಿಚ್ಕೋವ್ಸ್ಕಿ ಅದನ್ನು ಓದುವ ಕಣ್ಣಿನ ಚಲನೆಗೇ ಒಪ್ಪಿಸುತ್ತಾನೆ. ಒಂದು ದಿಕ್ಕಿನಲ್ಲಿ ಪತನ, ಇನ್ನೊಂದು ದಿಕ್ಕಿನಲ್ಲಿ ಬಿಡುಗಡೆ. ಯಾವ ಕಡೆ ಸಾಗಬೇಕೆಂಬುದು ಓದುಗನ ಪಾಲಿಗೆ ಬಿಟ್ಟದ್ದು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ವಿಷಯವನ್ನು ಹಿಡಿದ ಪದ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆತನ ಪ್ರತಿಧ್ವನಿ ಪದ್ಯವೂ ಇದೇ ಜಾತಿಯದು. ಏಕೆ ಅಳುತ್ತೀಯೆ ಆದಾಮ, ಭೂಮಿಯ ನಾಡಿಗಾಗಿಯೇ ಎಂಬ ಪ್ರಶ್ನೆ ‘ಕ್ರಾಯಾ’ ಎಂದು ಮುಗಿದರೆ, ‘ರಾಯಾ’ ಎಂಬ ಉತ್ತರ ಬರುತ್ತದೆ: ಪರದೈಸಿಗಾಗಿ, ಅಂದರೆ ಕಳೆದುಕೊಂಡ ಸ್ವರ್ಗಕ್ಕಾಗಿ. ಪಶ್ಚಾತ್ತಾಪದ ಪ್ರಾರ್ಥನೆ ಇಲ್ಲಿ ಪ್ರಶ್ನೆಯ ಬಾಲದಿಂದಲೇ ಹುಟ್ಟುತ್ತದೆ.

ಇದಕ್ಕೆ ವಿರುದ್ಧವಾದ ಮಾರ್ಗ ಚೆರ್ನಿಹಿವ್‌ನ ಆರ್ಚ್‌ಬಿಷಪ್ ಇವಾನ್ ಮಕ್ಸಿಮೋವಿಚ್‌ನದು. 1707ರಲ್ಲಿ ಆತ ‘ದೇವಮಾತೆಯೇ ಕನ್ಯೆಯೇ’ ಎಂಬ ಪುಟ್ಟ ಪ್ರಾರ್ಥನೆಯನ್ನು ಇಪ್ಪತ್ತು ಸಾವಿರ ಸಾಲುಗಳನ್ನೂ ಮೀರುವ ಪದ್ಯವಾಗಿ ಹಿಗ್ಗಿಸಿದ. ಜಪದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವಂತೆ ಇಲ್ಲಿ ವಿಸ್ತಾರವೇ ಭಕ್ತಿಯ ಅಳತೆ. ನನಗೆ ವೆಲಿಚ್ಕೋವ್ಸ್ಕಿಯ ಸಂಕ್ಷೇಪವೇ ಹೆಚ್ಚು ಇಷ್ಟ.

ಕೊನೆಯದಾಗಿ, ತತ್ವಜ್ಞಾನಿ ಕವಿ ಹ್ರಿಹೋರಿ ಸ್ಕೊವೊರೊದಾನ (1722–1794) ಮೂವತ್ತು ‘ದೈವಿಕ ಗೀತೆ’ಗಳನ್ನು ಓದುವವರು ಪ್ರತಿ ಗೀತೆಯ ತಲೆಯ ಮೇಲಿರುವ ಬೈಬಲ್ ವಾಕ್ಯವನ್ನು ಬಿಟ್ಟು ಮುಂದೆ ಹೋಗಬಾರದು. ಗೀತೆ ಆ ವಾಕ್ಯದ ಬೀಜದಿಂದಲೇ ಮೊಳೆತದ್ದೆಂದು ಆತ ಹೇಳುತ್ತಾನೆ. ಆತನ ದೃಷ್ಟಿಯಲ್ಲಿ ಬೈಬಲ್ ತಾನೇ ಒಂದು ಲೋಕ, ಬ್ರಹ್ಮಾಂಡ ಮತ್ತು ಮನುಷ್ಯನ ಜೊತೆಗೆ ನಿಲ್ಲುವ ಸಂಕೇತಗಳ ಮೂರನೆಯ ಲೋಕ.