ರಕ್ತನಾಳ ತೆರೆದ ಮೇಲೂ ಹೃದಯದ ಜೀವಕೋಶ ಸಾಯುವುದೇಕೆ?

ಪ್ರಶ್ನೆ: ಹೃದಯಾಘಾತವಾದಾಗ ಮುಚ್ಚಿದ ನಾಳ ತೆರೆದು ರಕ್ತ ಹರಿಸುತ್ತಾರೆ. ಆಕ್ಸಿಜನ್ ಮರಳಿದ ಹೊತ್ತಿನಲ್ಲೇ ಇನ್ನಷ್ಟು ಜೀವಕೋಶಗಳು ಸಾಯುತ್ತವಂತೆ, ನಿಜವಾ?

ಉತ್ತರ: ನಿಜ. ಹಾಗಂತ ತೆರೆಯದೆ ಬಿಡುವ ಹಾಗಿಲ್ಲ, ಬಿಟ್ಟರೆ ನಷ್ಟ ಇನ್ನೂ ಜಾಸ್ತಿ. ಈ ಸಾವಿನ ಹಿಂದೆ ಇರುವುದು ಕ್ಯಾಲ್ಸಿಯಂ ಮತ್ತು ಆಕ್ಸಿಜನ್ನಿನಿಂದಲೇ ಹುಟ್ಟುವ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಥರದ ಚುರುಕು ಅಣುಗಳು.

ಇವೆರಡೂ ಹುಟ್ಟು ಖಳನಾಯಕರೇನಲ್ಲ. ಜೀವಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು. ಪ್ರತಿ ಬಡಿತಕ್ಕೂ ಒಂದಿಷ್ಟು ಒಳಗೆ ಬಂದು, ಅದರ ಸುಳಿವು ಸಿಕ್ಕಿದ್ದೇ ತಡ ಒಳಗಿನ ಕ್ಯಾಲ್ಸಿಯಂ ಉಗ್ರಾಣವೂ ಬಾಗಿಲು ತೆರೆದು, ಸ್ನಾಯು ಬಿಗಿಯುತ್ತದೆ. ಆಮೇಲೆ ಪಂಪುಗಳು ಎಲ್ಲವನ್ನೂ ವಾಪಸ್ ಎತ್ತಿಹಾಕುತ್ತವೆ. ಪೆರಾಕ್ಸೈಡ್ ಕೂಡ ಸ್ವಲ್ಪವಿದ್ದರೆ ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಬರೀ ಸಂದೇಶ.

ಈಗ ರಕ್ತ ನಿಂತಿತು ಅನ್ನಿ. ಆಕ್ಸಿಜನ್ ಇಲ್ಲ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣು ಇಲ್ಲ, ಪಂಪುಗಳು ಸುಸ್ತು. ಆಮ್ಲ ತುಂಬುತ್ತದೆ, ಅದನ್ನು ಹೊರಹಾಕಲು ಹೋಗಿ ಜೀವಕೋಶ ಸೋಡಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಆ ಸೋಡಿಯಂ ಹೊರಗೆ ಹೋಗುವಾಗ ಬದಲಿಗೆ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಜೊತೆಗೆ ಜೀವಕೋಶದ ಶಕ್ತಿ ತಯಾರಾಗುವ ಮೈಟೋಕಾಂಡ್ರಿಯಾದಲ್ಲಿ ಸಕ್ಸಿನೇಟ್ ಎಂಬ ಇಂಧನ ಗುಡ್ಡೆ ಬೀಳುತ್ತದೆ. ಆಕ್ಸಿಜನ್ ಬಂದ ಕೂಡಲೇ ಆ ಗುಡ್ಡೆಯೆಲ್ಲ ಒಮ್ಮೆಗೇ ಉರಿದು, ಎಲೆಕ್ಟ್ರಾನುಗಳು ಹಿಂದಕ್ಕೆ ನುಗ್ಗಿ, ಸೂಪರಾಕ್ಸೈಡ್ ಭುಗಿಲೇಳುತ್ತದೆ. ಇಲ್ಲಿಂದಲೇ ಎರಡೂ ಒಂದನ್ನೊಂದು ಏರಿಸಲು ಶುರು: ಚುರುಕು ಅಣುಗಳು ಉಗ್ರಾಣದ ಬಾಗಿಲನ್ನೇ ಕೆಡಿಸಿ ಕ್ಯಾಲ್ಸಿಯಂ ಸೋರಿಸುತ್ತವೆ, ಸೋರಿದ ಕ್ಯಾಲ್ಸಿಯಂ ಮೈಟೋಕಾಂಡ್ರಿಯಾ ಸೇರಿ ಅಲ್ಲಿ ಇನ್ನಷ್ಟು ಅಣು ಹುಟ್ಟಿಸುತ್ತದೆ. ಕೊನೆಗೆ ಮೈಟೋಕಾಂಡ್ರಿಯಾದ ಪೊರೆಯಲ್ಲಿ ಒಂದು ರಂಧ್ರ ತೆರೆದುಕೊಳ್ಳುತ್ತದೆ. ತಮಾಷೆ ಎಂದರೆ, ಅಲ್ಲಿಯವರೆಗೆ ಅದನ್ನು ಮುಚ್ಚಿ ಹಿಡಿದದ್ದು ಆ ಆಮ್ಲವೇ! ರಕ್ತ ಬಂದು ಆಮ್ಲವನ್ನು ತೊಳೆದುಬಿಟ್ಟಿತಲ್ಲ. ಮೈಟೋಕಾಂಡ್ರಿಯಾ ಊದಿ ಒಡೆದರೆ ಜೀವಕೋಶದ ಕಥೆ ಮುಗಿಯಿತು.

ಹಾಗಾದರೆ ರಂಧ್ರ ಮುಚ್ಚುವ ಔಷಧ ಕೊಟ್ಟರಾಯ್ತಲ್ವಾ? ಪ್ರಾಣಿಗಳಲ್ಲಿ ಸೈಕ್ಲೋಸ್ಪೋರಿನ್ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ 2015ರಲ್ಲಿ ಫಲಿತಾಂಶ ಬಂದ, ಸುಮಾರು 970 ರೋಗಿಗಳಿದ್ದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಚುರುಕು ಅಣುಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಾತ್ರೆ? ನನಗೆ ನಂಬಿಕೆಯಿಲ್ಲ. ಭುಗಿಲೇಳುವುದು ಮೊದಲ ಕೆಲವೇ ನಿಮಿಷಗಳಲ್ಲಿ, ಅದೂ ಮೈಟೋಕಾಂಡ್ರಿಯಾದ ಒಳಗೆ. ಇನ್ನು ಮೂಳೆಗೆಂದು ನುಂಗುವ ಕ್ಯಾಲ್ಸಿಯಂ ಮಾತ್ರೆಯನ್ನು ಸುಮ್ನೆ ಇದಕ್ಕೆ ಗಂಟು ಹಾಕಬೇಡಿ. ಇಲ್ಲಿ ಕೈಕೊಟ್ಟದ್ದು ಪಂಪುಗಳು.