ಲುವಾರ್ ಕಣಿವೆಯ ಶೆನಿನ್: ಒಂದೇ ದ್ರಾಕ್ಷಿ, ಹಲವು ವೈನು

ಸುಮಾರು ಸಾವಿರ ಕಿಲೋಮೀಟರ್ ಹರಿಯುವ ಲುವಾರ್, ಫ್ರಾನ್ಸಿನ ಅತಿ ಉದ್ದದ ನದಿ. ಅದರ ಹೆಸರಾಂತ ದ್ರಾಕ್ಷಿತೋಟಗಳು ಇರುವುದು 47 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಬಿಸಿಲು ಸಾಧಾರಣ, ಹಣ್ಣು ಮಾಗುವುದು ನಿಧಾನ, ಹಾಗಾಗಿ ಹುಳಿ ಉಳಿದುಕೊಳ್ಳುತ್ತದೆ. ಇಲ್ಲಿನ ವೈನಿಗೆಲ್ಲ ಆ ಹುಳಿಯೇ ಬೆನ್ನೆಲುಬು.

ಕಡಲ ಬಳಿಯ ನಾಂತ್ ಸುತ್ತ ಮಸ್ಕಾಡೆ ಎಂಬ ಹಗುರವಾದ ಬಿಳಿ ವೈನ್, ಪೂರ್ವದ ಸಾನ್ಸೇರ್‌ನಲ್ಲಿ ಸುಣ್ಣದ ಮಣ್ಣಿನ ಸೊವಿನ್ಯೋ ಬ್ಲಾಂಕ್ ದ್ರಾಕ್ಷಿ. ಆದರೆ ಕುತೂಹಲವಿರುವುದು ನಡುವಿನ ಆಂಜೂ ಮತ್ತು ತುರೇನ್‌ಗಳಲ್ಲಿ, ಶೆನಿನ್ ಬ್ಲಾಂಕ್ ತಳಿಯಲ್ಲಿ.

ಆಂಜೂವಿನ ನೆಲ ಪಶ್ಚಿಮದಲ್ಲಿ ಕಪ್ಪು, ಪೂರ್ವದಲ್ಲಿ ಬಿಳಿ. ಕಪ್ಪು ಭಾಗದಲ್ಲಿರುವುದು ಪದರಪದರವಾದ ಶಿಸ್ಟ್ ಕಲ್ಲು. ಮೇಲ್ಮಣ್ಣು ತೆಳು, ಬೇಗ ಕಾಯುತ್ತದೆ, ನೀರು ನಿಲ್ಲದು. ಬೇರು ಬಿರುಕುಗಳಲ್ಲಿ ಇಳಿಯಬೇಕು. ಬಿಳಿ ಭಾಗದ ಟುಫೋ ಮೆತ್ತನೆಯ, ರಂಧ್ರಗಳುಳ್ಳ ಸುಣ್ಣಕಲ್ಲು. ನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬಳ್ಳಿಗೆ ಸ್ವಲ್ಪಸ್ವಲ್ಪವೇ ಕೊಡುತ್ತದೆ. ಈ ಕಲ್ಲು ತೆಗೆದು ಅರಮನೆಗಳನ್ನು ಕಟ್ಟಿದರು. ಉಳಿದ ಗವಿಗಳು ವರ್ಷವಿಡೀ ತಂಪಾಗಿರುವ ವೈನ್ ಉಗ್ರಾಣಗಳಾದವು.

ಶೆನಿನ್ ಒಂದೇ ಗೊಂಚಲಿನಲ್ಲೂ ಸಮನಾಗಿ ಮಾಗುವುದಿಲ್ಲ. ಆಂಜೂವಿನ ಲೆಯೋಂ ಉಪನದಿಯ ದಂಡೆಯಲ್ಲಿ ಸಿಹಿ ವೈನಿಗೆ ಇದೇ ಲಾಭ. ಶರತ್ಕಾಲದಲ್ಲಿ ಬೆಳಗ್ಗೆ ಮಂಜು, ಮಧ್ಯಾಹ್ನ ಒಣಗಾಳಿ ಇದ್ದರೆ ಬೊಟ್ರೈಟಿಸ್ ಎಂಬ ಬೂಷ್ಟು ಸಿಪ್ಪೆಯನ್ನು ತೂತಾಗಿಸುತ್ತದೆ, ನೀರು ಆವಿಯಾಗಿ ರಸ ಗಟ್ಟಿಯಾಗುತ್ತದೆ. ದಿನವಿಡೀ ಜಿಟಿಜಿಟಿ ಮಳೆ ಹಿಡಿದರೆ ಅದೇ ಬೂಷ್ಟು ಕೊಳೆರೋಗವಾಗಿ ಬೆಳೆ ಹಾಳು. ಆದ್ದರಿಂದ ಕೊಯ್ಯುವವರು ಒಂದೇ ಸಾಲಿಗೆ ಮತ್ತೆ ಮತ್ತೆ ಬಂದು, ಹದವಾಗಿ ಬೂಷ್ಟು ಹಿಡಿದ ಹಣ್ಣನ್ನಷ್ಟೇ ಆರಿಸುತ್ತಾರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1 ಆಲ್ಕೋಹಾಲ್. 300 ಗ್ರಾಂ ಸಕ್ಕರೆಯ ರಸದ ಹುದುಗುವಿಕೆ ಶೇ. 12ಕ್ಕೆ ನಿಂತರೆ ಇನ್ನೂ 96 ಗ್ರಾಂ ಉಳಿಯುತ್ತದೆ. ಹುಳಿ ಇಲ್ಲದಿದ್ದರೆ ಅದು ಬರೀ ಪಾನಕ.

ತುರೇನ್‌ನ ವೂವ್ರೆಯಲ್ಲಿ ಯಾವ ವೈನ್ ಎಂಬುದನ್ನು ವರ್ಷದ ಹವೆಯೇ ತೀರ್ಮಾನಿಸುತ್ತದೆ. ಬಿಸಿಲು ಚೆನ್ನಾಗಿದ್ದರೆ ಸಿಹಿ ವೈನ್, ಸಾಧಾರಣವಾಗಿದ್ದರೆ ಸಿಹಿಯಿಲ್ಲದ್ದು. ತಂಪು ವರ್ಷದ ಹುಳಿ ಹಣ್ಣು ನೊರೆವೈನಿಗೆ ಸಲ್ಲುತ್ತದೆ: ಬಾಟಲಿಯಲ್ಲೇ ಯೀಸ್ಟಿನೊಡನೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕಿದರೆ ಹುಟ್ಟುವ ಅನಿಲದಿಂದ ಆರು ವಾತಾವರಣದಷ್ಟು ಒತ್ತಡ. ಅಳತೆ ಮೀರಿದರೆ ಬಾಟಲಿ ಸಿಡಿಯುತ್ತದೆ. (ನಂದಿಬೆಟ್ಟದ ತಪ್ಪಲಲ್ಲೂ ಶೆನಿನ್ ಬೆಳೆಯುತ್ತಾರೆ. ಅಲ್ಲಿನ ಕಷ್ಟ ತಿರುವುಮುರುವು: ಸಕ್ಕರೆ ಬೇಗ ತುಂಬುತ್ತದೆ, ಹುಳಿ ಕಾಯುವುದೇ ಸಾಹಸ.)

ದೊಡ್ಡ ಶತ್ರು ಏಪ್ರಿಲ್‌ನ ಹಿಮ. ಮಾರ್ಚ್ ಬೆಚ್ಚಗಾದಷ್ಟೂ ಚಿಗುರು ಬೇಗ, ಅಪಾಯವೂ ಹೆಚ್ಚು. 2021ರಲ್ಲಿ ಆದದ್ದು ಇದೇ. ಕೆಲವರು ತುಂತುರು ನೀರು ಹಾಯಿಸುತ್ತಾರೆ. ಹೆಪ್ಪುಗಟ್ಟುವ ಪ್ರತಿ ಗ್ರಾಂ ನೀರು ಸುಮಾರು 80 ಕ್ಯಾಲೊರಿ ಶಾಖ ಬಿಟ್ಟುಕೊಡುವುದರಿಂದ ಚಿಗುರು ಸೊನ್ನೆ ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಆದರೆ ಬಿಸಿಲೇರಿ ಮಂಜುಗಡ್ಡೆ ಕರಗುವವರೆಗೂ ಪಂಪು ನಿಲ್ಲಬಾರದು. ನಡುವೆ ನಿಂತರೆ ಒದ್ದೆ ಚಿಗುರಿನಿಂದ ನೀರು ಆವಿಯಾಗುತ್ತಾ ಶಾಖ ಸೆಳೆದುಕೊಳ್ಳುತ್ತದೆ. ನೀರೇ ಹಾಯಿಸದ ತೋಟಕ್ಕಿಂತ ಹೆಚ್ಚು ನಷ್ಟವಾಗಬಹುದು.