ಹಕ್ಕುಪತ್ರ ರೈತನದು, ಬೆಳೆಯ ಆಯ್ಕೆ ಯಾರದು?

ಪ್ರಶ್ನೆ: 1994ರ ನರಮೇಧದ ನಂತರ ರುವಾಂಡಾ ಸರ್ಕಾರ ದೇಶದ ಜಮೀನನ್ನೆಲ್ಲ ರೈತರ ಹೆಸರಿಗೆ ನೋಂದಾಯಿಸಿತೆಂದು ಓದಿದ್ದೇನೆ. ಹಾಗಾದರೆ ಅಲ್ಲಿನ ರೈತ ತನ್ನ ಹೊಲದಲ್ಲಿ ತನಗೆ ಬೇಕಾದುದನ್ನು ಬೆಳೆಯಬಹುದೇ?

ಉತ್ತರ: ಎಲ್ಲ ಕಡೆಯೂ ಸಾಧ್ಯವಿಲ್ಲ. ನೋಂದಣಿಯೇನೋ ನಿಜ, ಅದರ ಅಗತ್ಯವೂ ದೊಡ್ಡದಿತ್ತು. 1959ರಿಂದೀಚೆಗೆ ದೇಶ ಬಿಟ್ಟಿದ್ದ ಟುಟ್ಸಿ ಸಮುದಾಯದ ಕುಟುಂಬಗಳು 1994ರಲ್ಲಿ ಮರಳಿದವು. ಆ ವರ್ಷ ಓಡಿಹೋಗಿದ್ದ ಹುಟು ಸಮುದಾಯದ ಕುಟುಂಬಗಳು ಬಹುಪಾಲು 1996ರ ಕೊನೆಯಲ್ಲಿ ಕಾಂಗೋ ಮತ್ತು ತಾಂಜಾನಿಯಾದ ಶಿಬಿರಗಳಿಂದ ಹಿಂದಿರುಗಿದವು. ಹೀಗೆ ಒಂದೇ ಹೊಲಕ್ಕೆ ಇಬ್ಬರು ಹಕ್ಕುದಾರರಾದರು, ಪೂರ್ವದ ಕಿಬುಂಗೊ ಭಾಗದಲ್ಲಂತೂ ಎಷ್ಟೋ ಹೊಲಗಳನ್ನು ಎರಡು ಪಾಲು ಮಾಡಿ ಹಂಚಲಾಯಿತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾನೂನು 1999ರಲ್ಲೂ ಭೂ ಕಾಯ್ದೆ 2005ರಲ್ಲೂ ಬಂದವು. 2009ರಿಂದ 2013ರ ನಡುವೆ ವೈಮಾನಿಕ ಚಿತ್ರದ ಮುದ್ರಿತ ಹಾಳೆ ಹಿಡಿದು, ಅಕ್ಕಪಕ್ಕದ ಹೊಲದವರ ಸಮ್ಮುಖದಲ್ಲೇ ಬದುಗಳ ಮೇಲೆ ನಡೆದು, ತರಬೇತಿ ಪಡೆದ ಊರಿನವರೇ ಗಡಿ ಗೆರೆ ಎಳೆದರು. ಒಂದು ಕೋಟಿಗೂ ಹೆಚ್ಚು ತಾಕುಗಳು ದಾಖಲಾದವು. ಗಂಡನೊಂದಿಗೆ ಹೆಂಡತಿಯ ಹೆಸರೂ ಸೇರಿತು, ಆದರೆ ಮದುವೆ ನೋಂದಣಿಯಾಗದ ಹೆಂಗಸರಿಗೆ ಆ ಭದ್ರತೆ ಸರಿಯಾಗಿ ದಕ್ಕಲಿಲ್ಲ.

ಬೆಳೆಯ ಮಾತು ಬೇರೆ. 2007ರಲ್ಲಿ ಆರಂಭವಾದ ಬೆಳೆ ತೀವ್ರೀಕರಣ ಕಾರ್ಯಕ್ರಮದಡಿ ಮೆಕ್ಕೆಜೋಳ, ಗೋಧಿ, ಭತ್ತ, ಆಲೂಗಡ್ಡೆ, ಬೀನ್ಸ್ ಕಾಳು, ಮರಗೆಣಸುಗಳಿಗೆ ಆದ್ಯತೆ ದೊರೆಯಿತು. ಅಕ್ಕಪಕ್ಕದ ಹೊಲಗಳ ಒಡೆತನ ಅವರವರದೇ ಆಗಿದ್ದರೂ ಎಲ್ಲರೂ ಒಂದೇ ಬೆಳೆ ಇಡಬೇಕು. ಸುಧಾರಿತ ಬೀಜವನ್ನೂ ರಿಯಾಯಿತಿ ದರದ ಗೊಬ್ಬರವನ್ನೂ ಸರ್ಕಾರ ಒದಗಿಸುತ್ತದೆ. ಸ್ಥಳೀಯ ಅಧಿಕಾರಿಗಳು 'ಇಮಿಹಿಗೊ' ಎಂಬ ಗುರಿ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ, ಅದರಲ್ಲಿ ಇಂತಿಷ್ಟು ಹೆಕ್ಟೇರ್ ಎಂಬ ಲೆಕ್ಕವೂ ಇರಬಹುದು. ಆ ಲೆಕ್ಕ ತುಂಬುವ ಒತ್ತಡ ಕೊನೆಗೆ ರೈತನ ಮೇಲೆಯೇ ಬೀಳುತ್ತದೆ. ಸಲಹೆ ಎಂದು ಹೊರಟದ್ದು ಹಲವೆಡೆ ಅಪ್ಪಣೆಯಾಯಿತು.

ಇಳುವರಿ ಹೆಚ್ಚಿದ್ದನ್ನು ಅಲ್ಲಗಳೆಯುವಂತಿಲ್ಲ, ಮೆಕ್ಕೆಜೋಳದಲ್ಲಿ ಅದು ಎದ್ದು ಕಾಣುತ್ತದೆ. ಆದರೆ ಅಲ್ಲಿನ ಸರಾಸರಿ ಹಿಡುವಳಿ ಎರಡೂವರೆ ಎಕರೆಗೂ ಕಡಿಮೆ, ಮನೆಯವರ ಊಟವೂ ಅದರಿಂದಲೇ ಆಗಬೇಕು. ಬೆಟ್ಟದ ಮೇಲೊಂದು, ತಗ್ಗಿನಲ್ಲೊಂದು ತುಂಡು ಹೊಲವಿಟ್ಟುಕೊಂಡು, ನಮ್ಮ ಅಕ್ಕಡಿ ಸಾಲಿನ ಬೇಸಾಯದಂತೆ ಹಲವನ್ನು ಬೆರೆಸಿ ಬೆಳೆಯುತ್ತಿದ್ದವರಿಗೆ, ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಆದ್ಯತೆಯ ಪಟ್ಟಿಯಲ್ಲಿಲ್ಲದ ಸಿಹಿಗೆಣಸನ್ನು ಬೇಕಾದಾಗ ಬೇಕಾದಷ್ಟೇ ಅಗೆದುಕೊಳ್ಳಬಹುದು. ಬಾಳೆಯಿಂದ ತೆಗೆಯುವ ಬಿಯರ್ ವರ್ಷವಿಡೀ ಕೈಗೆ ಕಾಸು ತರುತ್ತದೆ. ಮೆಕ್ಕೆಜೋಳವಾದರೋ ಎಲ್ಲರ ಹೊಲದಲ್ಲೂ ಒಟ್ಟಿಗೇ ಕೊಯ್ಲಿಗೆ ಬಂದು, ಮಾರುವ ಹೊತ್ತಿಗೆ ಬೆಲೆ ಇಳಿದಿರುತ್ತದೆ. ಯೋಜನೆಯ ದೊಡ್ಡ ದೋಷವೆಂದು ನನಗೆ ತೋರುವುದು ಇದೇ: ಅದು ಇಳುವರಿಯನ್ನು ಅಳೆಯಿತೇ ಹೊರತು ಬಡ ಮನೆಯ ಅಪಾಯವನ್ನು ಅಳೆಯಲಿಲ್ಲ.

2006ರ 'ಗಿರಿಂಕಾ' ಯೋಜನೆ ಈ ದೃಷ್ಟಿಯಿಂದ ಹೆಚ್ಚು ವಿವೇಕದ್ದು. ಬಡ ಕುಟುಂಬಕ್ಕೊಂದು ಹಸು ಕೊಡುತ್ತಾರೆ, ಅದರ ಮೊದಲ ಹೆಣ್ಣುಕರು ನೆರೆಯ ಇನ್ನೊಂದು ಬಡ ಕುಟುಂಬಕ್ಕೆ ಹೋಗುತ್ತದೆ. ಹಾಲಿನ ಜೊತೆಗೆ ಗೊಬ್ಬರವೂ ಮನೆಯಲ್ಲೇ ಸಿಗುತ್ತದೆ. ಆದರೆ ಕೊಟ್ಟಿಗೆಯಲ್ಲೇ ಕಟ್ಟಿ ಸಾಕಬೇಕಾದ ಹಸುವಿಗೆ ಮೇವು ಬೆಳೆಯಲು ಒಂದಿಷ್ಟು ನೆಲ ಬೇಕಾದ್ದರಿಂದ, ಕೂಲಿಯನ್ನೇ ನಂಬಿದ ಭೂಹೀನರಿಗೆ ಈ ಯೋಜನೆಯೂ ಸುಲಭವಾಗಿ ಎಟಕುವುದಿಲ್ಲ.